ದೂರದ ಸಭೆಯ ವಾರ್ತೆ: ಯುರೋಪಿನ ಒಕ್ಕೂಟವೂ ಅದರ ವರದಿಗಾರರೂ

1950ರ ಮೇ 9ರ ಸಂಜೆ ಪ್ಯಾರಿಸಿನ ವಿದೇಶಾಂಗ ಕಚೇರಿಯಲ್ಲಿ, ಗಡಿಯಾರದ ಕೋಣೆಯೆಂದು ಕರೆಯಲ್ಪಡುವ ಸಭಾಂಗಣದಲ್ಲಿ, ಫ್ರಾನ್ಸಿನ ವಿದೇಶಾಂಗ ಮಂತ್ರಿ ರೊಬೇರ್ ಶೂಮಾನ್ ಪತ್ರಕರ್ತರ ಮುಂದೆ ಒಂದು ಹೇಳಿಕೆಯನ್ನು ಓದಿದರು. ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಎರಡೂ ದೇಶಗಳಿಗೆ ಮೇಲಾದ ಒಂದು ಮಂಡಲಿಯ ಕೈಗೆ ಒಪ್ಪಿಸಬೇಕು, ಸೇರಬಯಸುವ ಇತರ ದೇಶಗಳಿಗೂ ಬಾಗಿಲು ತೆರೆದಿರಬೇಕು ಎಂಬುದು ಅದರ ತಿರುಳು. ಐದು ವರ್ಷಗಳ ಹಿಂದಷ್ಟೇ ಯುದ್ಧ ಮುಗಿಸಿದ್ದ ಎರಡು ರಾಷ್ಟ್ರಗಳ ನಡುವೆ ಇದು ಸಣ್ಣ ಮಾತಲ್ಲ. ಆದರೆ ಆ ಗೋಷ್ಠಿಯನ್ನು ಎಷ್ಟು ಅವಸರದಲ್ಲಿ ಕರೆದಿದ್ದರೆಂದರೆ ಫೋಟೋದವರಿಗೂ ರೇಡಿಯೋದವರಿಗೂ ಹೇಳಿ ಕಳುಹಿಸುವುದೇ ಬಿಟ್ಟುಹೋಗಿತ್ತು. ಶೂಮಾನರು ಹೇಳಿಕೆಯನ್ನು ಓದುತ್ತಿರುವ ಚಿತ್ರವೆಂದು ಪುಸ್ತಕಗಳಲ್ಲಿ ನಾವು ನೋಡುವುದು ಆಮೇಲೆ ಕೆಮರಾಕ್ಕಾಗಿ ಅವರು ಎರಡನೆಯ ಸಲ ಓದಿದಾಗ ತೆಗೆದದ್ದು.

ಏಳು ವರ್ಷಗಳ ನಂತರ, 1957ರ ಮಾರ್ಚ್ 25ರಂದು, ರೋಮಿನಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಸೇರಿ ಆರ್ಥಿಕ ಸಮುದಾಯದ ಒಪ್ಪಂದಕ್ಕೆ ಸಹಿ ಹಾಕಿದವು. ಈ ಸಲ ಫೋಟೋದವರಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಒಪ್ಪಂದಕ್ಕೇ. ಮುದ್ರಣ ಸಕಾಲಕ್ಕೆ ಮುಗಿಯದೆ, ಮಂತ್ರಿಗಳ ಮುಂದಿಟ್ಟ ದಪ್ಪ ಗ್ರಂಥದ ಹೆಚ್ಚಿನ ಹಾಳೆಗಳು ಖಾಲಿಯಾಗಿದ್ದವು. ಹೊರಗೆ ಕಾದಿದ್ದ ಪತ್ರಕರ್ತರಿಗೆ ಅದು ಆಗ ಗೊತ್ತಿರಲಿಲ್ಲ.

ಈ ಎರಡು ಪ್ರಸಂಗಗಳನ್ನು ಹಾಸ್ಯಕ್ಕೆಂದು ಹೇಳಿದ್ದಲ್ಲ. ಒಂದು ದೇಶದ ಶಾಸನಸಭೆಗಿಂತ ಮೇಲಿರುವ ಅಧಿಕಾರವೊಂದು ಹುಟ್ಟಿದಾಗ ಅದನ್ನು ಜನರ ಕಣ್ಣಿಗೆ ತೋರಿಸುವವರು ಯಾರು, ತೋರಿಸದಿದ್ದರೆ ಅದನ್ನು ಪ್ರಶ್ನಿಸುವವರು ಯಾರು ಎಂಬ ಸಮಸ್ಯೆ ಮೊದಲ ದಿನದಿಂದಲೇ ಇತ್ತು. ನಮಗೆ, ಅಂದರೆ 1956ರ ನವೆಂಬರ್ 1ರಂದು ಬೆಳಗ್ಗೆ ಎದ್ದಾಗ ಬೇರೊಂದು ರಾಜ್ಯದಲ್ಲಿದ್ದ ಕುಟುಂಬಗಳವರಿಗೆ, ದೂರದ ಸಭೆಯೊಂದರಲ್ಲಿ ತೀರ್ಮಾನವಾಗಿ ಬಂದ ವಾರ್ತೆಯನ್ನು ಪತ್ರಿಕೆಯಲ್ಲಿ ಓದುವುದೆಂದರೇನು ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಯುರೋಪಿನ ಕಥೆ ನಮಗೆ ಪರಕೀಯವೆನಿಸದೆ ಇರುವುದು ಇದರಿಂದಲೇ ಇರಬೇಕು. ಶೂಮಾನರೂ ಗಡಿಯ ಮನುಷ್ಯರೇ. ತಂದೆ ಲೊರೇನಿನವರು, ಹುಟ್ಟಿದ್ದು 1886ರಲ್ಲಿ ಲಕ್ಸೆಂಬರ್ಗಿನಲ್ಲಿ, ಹುಟ್ಟುವಾಗ ಜರ್ಮನ್ ಪ್ರಜೆ. ಮೊದಲನೆಯ ಮಹಾಯುದ್ಧದ ನಂತರ ಗಡಿ ಸರಿದಾಗ ಫ್ರೆಂಚ್ ಪ್ರಜೆಯಾದವರು.

'ರಾಷ್ಟ್ರಾತೀತ' ಎಂಬ ಮಾತಿನ ಅರ್ಥವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ವಿಶ್ವಸಂಸ್ಥೆ ಒಂದು ನಿರ್ಣಯ ಮಾಡಿದರೆ ಅದನ್ನು ಜಾರಿಗೆ ತರಬೇಕಾದವರು ಸದಸ್ಯ ರಾಷ್ಟ್ರಗಳ ಸರಕಾರಗಳು, ಮನಸ್ಸಿದ್ದರೆ ತರುತ್ತಾರೆ. ಯುರೋಪಿನ ಸಮುದಾಯದ್ದು ಹಾಗಲ್ಲ. 1963ರ ಫೆಬ್ರವರಿ 5ರಂದು ಲಕ್ಸೆಂಬರ್ಗಿನ ನ್ಯಾಯಾಲಯ, ವಾನ್ ಗೆಂಡ್ ಎನ್ ಲೋಸ್ ಎಂಬ ಡಚ್ ಸಾಗಾಟ ಕಂಪೆನಿಯ ಸುಂಕದ ವ್ಯಾಜ್ಯದಲ್ಲಿ, ಸಮುದಾಯದ ಕಾನೂನು ನೇರವಾಗಿ ಪ್ರಜೆಗೆ ಹಕ್ಕುಗಳನ್ನು ಕೊಡುತ್ತದೆಂದು ತೀರ್ಪಿತ್ತಿತು. ಮರುವರ್ಷ ಇಟಲಿಯ ವಕೀಲರೊಬ್ಬರು ವಿದ್ಯುತ್ ಬಿಲ್ಲಿನ ವಿಷಯದಲ್ಲಿ ಹೂಡಿದ ಇನ್ನೊಂದು ವ್ಯಾಜ್ಯದಲ್ಲಿ, ಆ ಕಾನೂನು ರಾಷ್ಟ್ರದ ಕಾನೂನಿಗಿಂತ ಮೇಲು ಎಂದೂ ಹೇಳಿತು. ಆರು ದೇಶಗಳ ಸಂಸತ್ತುಗಳ ಅಧಿಕಾರ ಈ ಎರಡು ತೀರ್ಪುಗಳಿಂದ ಕುಗ್ಗಿತು. ಇಷ್ಟಾದರೂ ಅಂದಿನ ಪತ್ರಿಕೆಗಳಿಗೆ ಇದು ದೊಡ್ಡ ಸುದ್ದಿಯಾಗಲಿಲ್ಲ. ಎರಿಕ್ ಸ್ಟೈನ್ ಎಂಬ ಕಾನೂನು ಪಂಡಿತರು 1981ರಲ್ಲಿ ಬರೆಯುತ್ತಾ, ರಾಜಕಾರಣಿಗಳೂ ಸಮೂಹ ಮಾಧ್ಯಮಗಳೂ ತನ್ನತ್ತ ನೋಡದೆ ಇದ್ದ ಭಾಗ್ಯದಿಂದಲೇ ಆ ನ್ಯಾಯಾಲಯ ಇಷ್ಟು ದೊಡ್ಡ ಕಟ್ಟಡವನ್ನು ಸದ್ದಿಲ್ಲದೆ ಕಟ್ಟಿತು ಎಂಬರ್ಥದ ಮಾತನ್ನು ಹೇಳಿದ್ದಾರೆ. ಹೊಗಳಿಕೆಯೋ ದೂರೋ ಎಂದು ವಾಚಕರೇ ನಿರ್ಧರಿಸಬಹುದು.

ಬರೆಯುವವರು ಇರಲಿಲ್ಲವೆಂದಲ್ಲ. 1952ರಲ್ಲಿ ಕಲ್ಲಿದ್ದಲು-ಉಕ್ಕಿನ ಸಮುದಾಯ ಲಕ್ಸೆಂಬರ್ಗಿನಲ್ಲಿ ಕಾರ್ಯಾರಂಭ ಮಾಡಿದ ಬೆನ್ನಿಗೇ ಅಲ್ಲಿ 'ಅಜಾನ್ಸ್ ಯುರೋಪ್' ಎಂಬ ವಾರ್ತಾಸಂಸ್ಥೆ ಹುಟ್ಟಿತು. ಅದರ ಸಂಪಾದಕರಾಗಿ ದೀರ್ಘಕಾಲ ದುಡಿದ ಇಟಲಿಯ ಎಮಾನುಯೆಲೆ ಗಾಝೋ ಅವರ ದೈನಂದಿನ ಬುಲೆಟಿನನ್ನು ಅಧಿಕಾರಿಗಳು ಬೆಳಗಿನ ಕಾಫಿಯ ಜೊತೆ ಓದುತ್ತಿದ್ದರಂತೆ. ಆದರೆ ಓದುತ್ತಿದ್ದವರು ಆ ಅಧಿಕಾರಿಗಳೇ, ಮಂತ್ರಿಗಳೇ, ವ್ಯಾಪಾರ ಸಂಘಗಳವರೇ. ಆ ಕಾಲದ ವರದಿಗಾರರಲ್ಲಿ ಅನೇಕರು ಯುದ್ಧವನ್ನು ಕಂಡವರು. ಯುರೋಪು ಒಂದಾಗಬೇಕೆಂಬ ನಂಬಿಕೆಯುಳ್ಳವರು. ಕೂಸಿಗೆ ದೃಷ್ಟಿ ತಾಗಬಾರದೆಂಬ ಹಾಗೆ ಅವರು ಬರೆದರು. ಸಮುದಾಯದ ಕಚೇರಿಗಳು ಬ್ರಸೆಲ್ಸಿಗೆ ಬಂದ ಮೇಲೂ ಈ ಸ್ವಭಾವ ಕೆಲಕಾಲ ಉಳಿಯಿತು. ಕೆಲಸದ ದಿನಗಳಲ್ಲಿ ನಡುಹಗಲು ಹನ್ನೆರಡು ಗಂಟೆಗೆ ಆಯೋಗದ ವಕ್ತಾರರು ಪತ್ರಕರ್ತರ ಮುಂದೆ ನಿಲ್ಲುವ ಪದ್ಧತಿ ಅಲ್ಲಿ ಬೆಳೆದು ಬಂತು, ಈಗಲೂ ಇದೆ. 1990ರ ದಶಕದ ಮಧ್ಯದವರೆಗೆ ಆ ಕೋಣೆಯ ಮಾತು ಪ್ರಧಾನವಾಗಿ ಫ್ರೆಂಚ್. ಫ್ರೆಂಚ್ ಬಾರದವನು ಬ್ರಸೆಲ್ಸಿನ ವರದಿಗಾರನಾಗುವಂತಿರಲಿಲ್ಲ.

ಇದೆಲ್ಲ ಬದಲಾಗುವುದೆಂದು ಜನ ನಿರೀಕ್ಷಿಸಿದ್ದು 1979ರಲ್ಲಿ. ಆ ವರ್ಷ ಜೂನ್ 7ರಿಂದ 10ರವರೆಗೆ ಒಂಬತ್ತು ದೇಶಗಳ ಮತದಾರರು ಯುರೋಪಿನ ಸಂಸತ್ತಿಗೆ 410 ಸದಸ್ಯರನ್ನು ನೇರವಾಗಿ ಆರಿಸಿದರು. ಅಷ್ಟರವರೆಗೆ ಅಲ್ಲಿ ಕುಳಿತವರು ಆಯಾ ದೇಶದ ಸಂಸತ್ತುಗಳು ಕಳುಹಿಸಿಕೊಟ್ಟ ಸದಸ್ಯರು. ಹಿಟ್ಲರನ ಶಿಬಿರದಿಂದ ಬದುಕಿ ಬಂದಿದ್ದ ಸಿಮೋನ್ ವೇಲ್ ಎಂಬ ಮಹಿಳೆ ಹೊಸ ಸಂಸತ್ತಿನ ಅಧ್ಯಕ್ಷೆಯಾದರು. ಟೆಲಿವಿಷನ್ ಈ ಚುನಾವಣೆಯನ್ನು ಹೇಗೆ ತೋರಿಸಿತೆಂದು ಬ್ರಿಟನ್ನಿನ ಜೇ ಬ್ಲಂಲರ್ ಮತ್ತು ಸಂಗಡಿಗರು ಒಂಬತ್ತೂ ದೇಶಗಳಲ್ಲಿ ಅಧ್ಯಯನ ಮಾಡಿದರು. ಜರ್ಮನಿಯ ಕಾರ್ಲ್‌ಹೈನ್ಸ್ ರೈಫ್ ಮತ್ತು ಹೆರ್ಮಾನ್ ಶ್ಮಿಟ್ 1980ರಲ್ಲಿ ಇದಕ್ಕೆ 'ಎರಡನೆಯ ದರ್ಜೆಯ ಚುನಾವಣೆ' ಎಂದು ಹೆಸರಿಟ್ಟರು. ಹೆಸರು ಯುರೋಪಿನದು, ಜಗಳ ಮಾತ್ರ ಊರಿನದು. ಅಧಿಕಾರದಲ್ಲಿರುವ ಪಕ್ಷಕ್ಕೆ ಒಂದು ಪೆಟ್ಟು ಕೊಡುವುದಕ್ಕೆ ಜನ ಈ ಮತವನ್ನು ಬಳಸುತ್ತಾರೆ ಎಂಬುದು ಅವರ ವಾದ. ಪಂಚಾಯತು ಚುನಾವಣೆಯಲ್ಲಿ ದಿಲ್ಲಿಯ ಸರಕಾರವನ್ನು ಬೈದು ಮತ ಕೇಳುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ, ಇಲ್ಲಿ ಮೇಲು ಕೆಳಗು ತಿರುವುಮುರುವಾಗಿದೆ ಅಷ್ಟೆ. ಮೊದಲ ಸಲ ನೂರಕ್ಕೆ 62 ಮಂದಿ ಮತ ಹಾಕಿದ್ದರು. ಆಮೇಲೆ ಪ್ರತಿ ಚುನಾವಣೆಯಲ್ಲೂ ಅದು ಇಳಿಯುತ್ತ ಹೋಗಿ 2014ರಲ್ಲಿ 42.6ಕ್ಕೆ ಬಂದು ನಿಂತಿತು. ವಿಚಿತ್ರವೆಂದರೆ ಈ ಅವಧಿಯಲ್ಲೇ ಆ ಸಂಸತ್ತಿನ ಅಧಿಕಾರ ಒಪ್ಪಂದದಿಂದ ಒಪ್ಪಂದಕ್ಕೆ ಏರುತ್ತಿತ್ತು.

ಬ್ರಿಟನ್ನಿನ ಪತ್ರಿಕೆಗಳ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 1988ರ ಜುಲೈಯಲ್ಲಿ ಆಯೋಗದ ಅಧ್ಯಕ್ಷ ಜಾಕ್ ಡೆಲೋರ್, ಇನ್ನು ಹತ್ತು ವರ್ಷಗಳಲ್ಲಿ ಆರ್ಥಿಕ ಶಾಸನಗಳ ನೂರಕ್ಕೆ 80 ಭಾಗ ಸಮುದಾಯದಿಂದಲೇ ಬರುವುದೆಂದು ಸಂಸತ್ತಿನಲ್ಲಿ ನುಡಿದರು. ಸೆಪ್ಟೆಂಬರಿನಲ್ಲಿ ಮಾರ್ಗರೆಟ್ ಥ್ಯಾಚರ್ ಬ್ರೂಗ್ ಪಟ್ಟಣದ ಭಾಷಣದಲ್ಲಿ ಅದಕ್ಕೆ ಖಾರವಾದ ಉತ್ತರ ಕೊಟ್ಟರು. ಅಲ್ಲಿಂದ ಲಂಡನ್ನಿನ ಪತ್ರಿಕೆಗಳಿಗೆ ಬ್ರಸೆಲ್ಸ್ ರುಚಿಸತೊಡಗಿತು. 1989ರಲ್ಲಿ 'ಡೈಲಿ ಟೆಲಿಗ್ರಾಫ್' ಪತ್ರಿಕೆ ಬೋರಿಸ್ ಜಾನ್ಸನ್ ಎಂಬ ತರುಣನನ್ನು ಅಲ್ಲಿಗೆ ಕಳುಹಿಸಿತು. ಗೊಬ್ಬರದ ವಾಸನೆ ಎಲ್ಲೆಡೆ ಒಂದೇ ಆಗಿರಬೇಕೆಂದು ಮೂಸಿ ನೋಡುವವರನ್ನು ಆಯೋಗ ನೇಮಿಸುತ್ತಿದೆ ಎಂಬಂಥ ವರದಿಗಳು ಬರತೊಡಗಿದವು. 1992ರ ಮೇ ತಿಂಗಳಲ್ಲಿ, ಡೆಲೋರ್ ಯುರೋಪನ್ನೇ ಆಳುವ ಯೋಜನೆ ಹಾಕಿದ್ದಾರೆಂಬ ಅವರ ವರದಿ ಸೋದರ ಪತ್ರಿಕೆ 'ಸಂಡೇ ಟೆಲಿಗ್ರಾಫ್'ನಲ್ಲಿ ಮುಖಪುಟಕ್ಕೆ ಬಂತು. ಜೂನ್ 2ರಂದು ಡೆನ್ಮಾರ್ಕಿನ ಜನರು ಮಾಸ್ಟ್ರಿಕ್ಟ್ ಒಪ್ಪಂದವನ್ನು 50.7 ಶೇಕಡಾ ಮತಗಳಿಂದ ತಿರಸ್ಕರಿಸಿದರು. ಅದರಲ್ಲಿ ತನ್ನ ವರದಿಯ ಪಾಲೂ ಇದೆಯೆಂದು ಜಾನ್ಸನ್ನರು ಹೇಳಿಕೊಂಡದ್ದುಂಟು. ಇದೇ ವ್ಯಕ್ತಿ 2019ರಲ್ಲಿ ಪ್ರಧಾನಿಯಾಗಿ, 2020ರ ಜನವರಿ 31ರಂದು ಬ್ರಿಟನ್ನನ್ನು ಒಕ್ಕೂಟದಿಂದ ಹೊರಗೆ ತಂದರು.

ಬಾಳೆಹಣ್ಣಿನ ಕಥೆ ಎಲ್ಲರಿಗೂ ಗೊತ್ತು. ಯುರೋಪು ಬಗ್ಗಿದ ಬಾಳೆಹಣ್ಣನ್ನು ನಿಷೇಧಿಸಿತು ಎಂದು ಬ್ರಿಟಿಷರು ವರ್ಷಗಟ್ಟಲೆ ನಕ್ಕರು. 1994ರ ನಿಯಮದಲ್ಲಿ ಇದ್ದುದು, ಹಣ್ಣಿನಲ್ಲಿ 'ಅಸಹಜ ಬಾಗು' ಇರಬಾರದೆಂಬ ಮಾತು. ಕೆಳಗಿನ ದರ್ಜೆಯ ಹಣ್ಣಿಗೆ ಆಕಾರದ ದೋಷವನ್ನು ಅದೇ ನಿಯಮ ಮನ್ನಿಸಿತ್ತು. ಮುಳ್ಳುಸೌತೆಯದು ಇನ್ನೂ ಸ್ವಾರಸ್ಯ. 1988ರ ನಿಯಮದಂತೆ ಮೇಲ್ದರ್ಜೆಯ ಮುಳ್ಳುಸೌತೆ ಹತ್ತು ಸೆಂಟಿಮೀಟರ್ ಉದ್ದಕ್ಕೆ ಹತ್ತು ಮಿಲಿಮೀಟರಿಗಿಂತ ಹೆಚ್ಚು ಬಾಗುವಂತಿರಲಿಲ್ಲ. ಇದು ನಿಜವಾಗಿಯೂ ಇದ್ದ ನಿಯಮ! ಆದರೆ ಅದನ್ನು ಬೇಡಿದವರು ಸಗಟು ವ್ಯಾಪಾರಿಗಳು. ನೆಟ್ಟಗಿದ್ದರೆ ಪೆಟ್ಟಿಗೆಗೆ ಎಷ್ಟು ಹಿಡಿಯುತ್ತದೆಂಬ ಲೆಕ್ಕ ತಪ್ಪುವುದಿಲ್ಲ. ಅಡಿಕೆಯನ್ನು ಜಾತಿ ಮಾಡಿ ಚೀಲಕ್ಕೆ ತುಂಬುವ ನಮ್ಮವರಿಗೆ ಇದರಲ್ಲಿ ನಗಲು ಏನೂ ಕಾಣದು. 2009ರ ಜುಲೈಯಲ್ಲಿ ಆ ನಿಯಮ ರದ್ದಾಯಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಸುಳ್ಳುಸುದ್ದಿಗಳನ್ನು ಒಂದೊಂದಾಗಿ ಅಲ್ಲಗಳೆಯಲು ಆಯೋಗ 1992ರಿಂದಲೇ ಪಟ್ಟಿ ಇಡತೊಡಗಿತ್ತು, ಆದರೆ ಅಲ್ಲಗಳೆಯುವಿಕೆಯನ್ನು ಯಾರು ಓದುತ್ತಾರೆ?

ಇಷ್ಟಾದರೂ ಬ್ರಿಟಿಷ್ ಪತ್ರಿಕೆಗಳನ್ನು ಬೈದು ಮುಗಿಸಿದರೆ ಅನ್ಯಾಯವಾಗುತ್ತದೆ. ಬಾಗಿಲು ಮುಚ್ಚಿದ ಮನೆಯ ಬಗ್ಗೆ ಗಾಳಿಸುದ್ದಿ ಹುಟ್ಟುವುದು ಸಹಜ, ಮತ್ತು ಮನೆಯ ಬಾಗಿಲು ನಿಜವಾಗಿಯೂ ಮುಚ್ಚಿತ್ತು. ಸಮುದಾಯದ ಶಾಸನಗಳನ್ನು ಅಂತಿಮವಾಗಿ ಅಂಗೀಕರಿಸುತ್ತಿದ್ದುದು ಸದಸ್ಯ ದೇಶಗಳ ಮಂತ್ರಿಗಳ ಪರಿಷತ್ತು. ಮಂತ್ರಿಗಳು ಒಳಗೆ ಕುಳಿತು ಚರ್ಚಿಸುತ್ತಿದ್ದರು. ಯಾವ ದೇಶ ಯಾವುದಕ್ಕೆ ಮತ ಹಾಕಿತೆಂಬುದು ಹೊರಬರುತ್ತಿರಲಿಲ್ಲ. ಹೊರಗೆ ಬಂದು ಪ್ರತಿಯೊಬ್ಬ ಮಂತ್ರಿಯೂ ತನ್ನ ದೇಶದ ಪತ್ರಕರ್ತರನ್ನು ಬೇರೆ ಬೇರೆ ಕೋಣೆಗಳಲ್ಲಿ ಸೇರಿಸಿ ತಾನೇ ಗೆದ್ದೆನೆಂದು ಹೇಳುತ್ತಿದ್ದ. ಒಂದೇ ಸಭೆ, ಹನ್ನೆರಡು ವರದಿ. ಶಾಸನ ಮಾಡುವ ಸಭೆಯೊಂದು ಹೀಗೆ ಗುಟ್ಟಾಗಿ ಸೇರುವುದು ಪ್ರಜಾಪ್ರಭುತ್ವದ ದೇಶಗಳಲ್ಲಿ ಬೇರೆಲ್ಲೂ ಕಾಣದ ಸಂಗತಿ.

ಈ ಬಾಗಿಲನ್ನು ತಟ್ಟಿದವನೂ ಒಬ್ಬ ಬ್ರಿಟಿಷ್ ಪತ್ರಕರ್ತನೇ. 'ದಿ ಗಾರ್ಡಿಯನ್' ಪತ್ರಿಕೆಯ ಯುರೋಪು ವಿಭಾಗದ ಸಂಪಾದಕ ಜಾನ್ ಕಾರ್ವೆಲ್ 1994ರ ಫೆಬ್ರವರಿಯಲ್ಲಿ ಪರಿಷತ್ತಿಗೆ ಪತ್ರ ಬರೆದು, ಹಿಂದಿನ ವರ್ಷದ ಕೆಲವು ಸಭೆಗಳ ಪೂರ್ವಸಿದ್ಧತಾ ವರದಿ, ನಡಾವಳಿ, ಹಾಜರಿ ಮತ್ತು ಮತದಾನದ ದಾಖಲೆಗಳನ್ನು ಕೇಳಿದರು. ಸಾಮಾಜಿಕ ವ್ಯವಹಾರಗಳ ಸಭೆಯ ಕೆಲವು ಕಾಗದಗಳು ಬಂದವು. ಆಮೇಲೆ ಪರಿಷತ್ತು, ಅದನ್ನು ಕೊಟ್ಟದ್ದೇ ತಪ್ಪಾಯಿತು, ಉಳಿದವನ್ನು ಕೊಡಲಾಗದು, ಅವುಗಳಲ್ಲಿ ಪರಿಷತ್ತಿನ ಚರ್ಚೆಗಳ ಉಲ್ಲೇಖವಿದೆ ಎಂದು ಉತ್ತರಿಸಿತು. ಚರ್ಚೆಯ ಉಲ್ಲೇಖವಿಲ್ಲದ ನಡಾವಳಿ ಯಾವುದಿದ್ದೀತು? ಕಾರ್ವೆಲ್ ಮತ್ತು ಪತ್ರಿಕೆ ಸೇರಿ ಲಕ್ಸೆಂಬರ್ಗಿನ ನ್ಯಾಯಾಲಯಕ್ಕೆ ಹೋದರು. ಡೆನ್ಮಾರ್ಕ್, ನೆದರ್‌ಲೆಂಡ್ಸ್ ಮತ್ತು ಯುರೋಪಿನ ಸಂಸತ್ತು ಅವರ ಬೆಂಬಲಕ್ಕೆ ನಿಂತವು. 1995ರ ಅಕ್ಟೋಬರ್ 19ರ ತೀರ್ಪು ಪರಿಷತ್ತಿನ ನಿರಾಕರಣೆಯನ್ನು ರದ್ದುಪಡಿಸಿತು. ಗುಟ್ಟು ಕಾಯುವ ಅಗತ್ಯವನ್ನೂ ಪ್ರಜೆಯ ತಿಳಿಯುವ ಅಗತ್ಯವನ್ನೂ ಪ್ರತಿ ಸಲ ತಕ್ಕಡಿಯಲ್ಲಿಟ್ಟು ತೂಗಬೇಕು, ಎಲ್ಲಕ್ಕೂ ಒಟ್ಟಾಗಿ ಇಲ್ಲವೆನ್ನುವಂತಿಲ್ಲ ಎಂದಿತು ನ್ಯಾಯಾಲಯ.

ಅದೇ ವರ್ಷ ಸ್ವೀಡನ್ ಒಕ್ಕೂಟಕ್ಕೆ ಸೇರಿತ್ತು. ಸರಕಾರಿ ಕಡತಗಳನ್ನು ಪ್ರಜೆಗಳು ನೋಡಬಹುದೆಂದು 1766ರಲ್ಲೇ ಕಾನೂನು ಮಾಡಿದ ದೇಶ ಅದು. ಅಲ್ಲಿನ ಪತ್ರಕರ್ತರ ಸಂಘದವರು ಒಂದು ಪರೀಕ್ಷೆ ನಡೆಸಿದರು. ಯುರೋಪಿನ ಪೊಲೀಸ್ ಸಂಸ್ಥೆಗೆ ಸಂಬಂಧಿಸಿದ ಪರಿಷತ್ತಿನ 20 ಕಾಗದಗಳನ್ನು ಸ್ಟಾಕ್‌ಹೋಮಿನಲ್ಲಿ ತಮ್ಮ ಸರಕಾರದ ಇಲಾಖೆಗಳಿಂದ ಕೇಳಿದರು. ಅವೇ 20 ಕಾಗದಗಳನ್ನು ಬ್ರಸೆಲ್ಸಿನಿಂದಲೂ ಕೇಳಿದರು. ಸ್ವೀಡನ್ 18ನ್ನು ಕೊಟ್ಟಿತು. ಬ್ರಸೆಲ್ಸ್ ಮೊದಲು ಎರಡು ಕೊಟ್ಟು, ಮತ್ತೆ ಕೇಳಿದಾಗ ಇನ್ನೆರಡು ಕೊಟ್ಟಿತು. ಅದೇ ಕಾಗದ, ಎರಡು ಕಿಂಡಿ! ಈ ವ್ಯಾಜ್ಯದಲ್ಲೂ 1998ರ ಜೂನ್ 17ರಂದು ಪತ್ರಕರ್ತರೇ ಗೆದ್ದರು. ಕೆಲವರ ಹಠದಿಂದ ಶುರುವಾದದ್ದು 2001ರ ಮೇ 30ರಂದು ಒಕ್ಕೂಟದ ಕಾನೂನಾಗಿಯೇ ಬಂತು. ಸಂಸತ್ತು, ಪರಿಷತ್ತು, ಆಯೋಗ ಈ ಮೂರರ ದಾಖಲೆಗಳನ್ನು ಪಡೆಯುವ ಹಕ್ಕು ಒಕ್ಕೂಟದ ಪ್ರತಿ ಪ್ರಜೆಗೂ ಸಿಕ್ಕಿತು. ನಮ್ಮ ಮಾಹಿತಿ ಹಕ್ಕಿನ ಕಾಯಿದೆಗಿಂತ ಇದು ನಾಲ್ಕು ವರ್ಷ ಹಿರಿದು. ಶಾಸನಗಳ ಚರ್ಚೆ ಮತ್ತು ಮತದಾನಕ್ಕಾಗಿ ಮಂತ್ರಿಗಳ ಪರಿಷತ್ತು ಬಹಿರಂಗವಾಗಿ ಸೇರಬೇಕೆಂಬ ನಿಯಮ 2009ರ ಡಿಸೆಂಬರ್ 1ರಂದು ಲಿಸ್ಬನ್ ಒಪ್ಪಂದದೊಂದಿಗೆ ಜಾರಿಯಾಯಿತು. ಆದರೂ ಮೂರು ಸಂಸ್ಥೆಗಳ ಪ್ರತಿನಿಧಿಗಳು ಸೇರಿ ಶಾಸನದ ಅಂತಿಮ ರೂಪವನ್ನು ಕುದುರಿಸುವ ಬೈಠಕ್ಕುಗಳು ಈಗಲೂ ಒಳಮನೆಯವೇ. ಅಲ್ಲಿ ನಾಲ್ಕು ಕಾಲಮುಗಳ ಒಂದು ಕಾಗದವಿರುತ್ತದೆ. ಮೊದಲ ಮೂರರಲ್ಲಿ ಮೂವರ ನಿಲುವು, ನಾಲ್ಕನೆಯದರಲ್ಲಿ ರಾಜಿಯ ಮಾತು. ನಾಲ್ಕನೆಯದನ್ನೂ ಜನರಿಗೆ ತೋರಿಸಬೇಕೆಂದು ಸಂಸತ್ತಿನ ನಿವೃತ್ತ ಅಧಿಕಾರಿಯೊಬ್ಬರು, ಎಮಿಲಿಯೋ ದೆ ಕಾಪಿತಾನಿ, ನ್ಯಾಯಾಲಯಕ್ಕೆ ಹೋಗಿ 2018ರಲ್ಲಿ ಗೆದ್ದಿದ್ದಾರೆ.

ಪತ್ರಿಕೆಗಳ ಅತಿ ದೊಡ್ಡ ವಿಜಯವೆಂದು ಹೇಳುವುದು 1999ರದ್ದನ್ನು. ಆಯೋಗದಲ್ಲಿ ಹಣದ ಅವ್ಯವಹಾರ, ಸ್ವಜನಪಕ್ಷಪಾತಗಳ ಆಪಾದನೆಗಳಿದ್ದವು. ಆಯುಕ್ತೆ ಎಡಿತ್ ಕ್ರೆಸೋನ್ ತನ್ನ ಪರಿಚಯದ ದಂತವೈದ್ಯರೊಬ್ಬರನ್ನು ಸಲಹೆಗಾರರನ್ನಾಗಿ ನೇಮಿಸಿಕೊಂಡದ್ದು ಬಯಲಾಯಿತು. ಪಾವ್ಲ್ ವಾನ್ ಬ್ಯೂಟನೆನ್ ಎಂಬ ಡಚ್ ಲೆಕ್ಕಪರಿಶೋಧಕ ಕಾಗದಗಳನ್ನು ಸಂಸತ್ತಿಗೆ ಒಪ್ಪಿಸಿ ಅಮಾನತಾದ. ಪ್ಯಾರಿಸಿನ 'ಲಿಬೆರಾಸಿಯೋಂ' ಪತ್ರಿಕೆಯ ಜಾನ್ ಕಾತ್ರಮೇರ್ ಮೊದಲಾದ ಹೊಸ ತಲೆಮಾರಿನ ವರದಿಗಾರರು, ಬೇರೆ ಬೇರೆ ದೇಶದವರು, ಬೆನ್ನುಹತ್ತಿ ಬರೆದರು. ಮನೆಯ ಮಾತನ್ನು ಹೊರಗೆ ಆಡಬಾರದೆಂಬ ಹಳೆಯ ವರದಿಗಾರರ ಸಂಕೋಚ ಅಂದು ಮುರಿಯಿತು. ಐವರು ತಜ್ಞರ ಸಮಿತಿ ತನಿಖೆ ನಡೆಸಿ, ಹೊಣೆ ಹೊರುವವರೇ ಆಯೋಗದಲ್ಲಿ ಸಿಗುವುದು ಕಷ್ಟವೆಂಬರ್ಥದ ವರದಿ ಕೊಟ್ಟಿತು. ಮಾರ್ಚ್ 15ರ ರಾತ್ರಿ ಅಧ್ಯಕ್ಷ ಜಾಕ್ ಸಾಂಟೇರ್ ಸಹಿತ 20 ಆಯುಕ್ತರೂ ರಾಜೀನಾಮೆ ಕೊಟ್ಟರು. ಅಷ್ಟರವರೆಗೆ ಇಂಥದು ನಡೆದಿರಲಿಲ್ಲ.

ಇನ್ನೇನು, ಜನರಿಗೆ ಬ್ರಸೆಲ್ಸ್ ಕಾಣತೊಡಗಿತು ಎನ್ನಬೇಕು. ಮೂರು ತಿಂಗಳ ಮೇಲೆ, ಅದೇ ಜೂನಿನಲ್ಲಿ ನಡೆದ ಚುನಾವಣೆಯಲ್ಲಿ ಮತ ಹಾಕಿದವರು 49.5 ಶೇಕಡಾ. ಅರ್ಧಕ್ಕಿಂತ ಕೆಳಗೆ ಹೋದದ್ದು ಅದೇ ಮೊದಲು. ಹಗರಣ ಕಣ್ಣು ತೆರೆಸುತ್ತದೆ ನಿಜ, ಆದರೆ ಹಗರಣ ಮಾತ್ರವೇ ಸುದ್ದಿಯಾದರೆ ಓದುಗನು ಹೇಸಿ ಮುಖ ತಿರುಗಿಸುತ್ತಾನೆ. ಉಳಿದ ದಿನಗಳ ಕೆಲಸ, ಮೀನಿನ ಬಲೆಯ ಕಣ್ಣು ಎಷ್ಟಿರಬೇಕು, ಕೀಟನಾಶಕ ಯಾವುದು ಇರಬೇಕು ಎಂಬ ಚರ್ಚೆ, ಯಾರಿಗೂ ಬೇಡವಾಗುತ್ತದೆ. 2019ರಲ್ಲಿ ಮತದಾನ ಮತ್ತೆ 50ರ ಗಡಿ ದಾಟಿತು, 2024ರಲ್ಲೂ ಹಾಗೆಯೇ ಉಳಿಯಿತು. ಬ್ರಿಟನ್ನು ಹೊರಟು ನಿಂತದ್ದನ್ನು ನೋಡಿ ಉಳಿದವರಿಗೆ ಮನೆಯ ಬೆಲೆ ತಿಳಿಯಿತೋ ಏನೋ!

ಭಾಷೆಯ ಪ್ರಶ್ನೆ ಇದಕ್ಕೆಲ್ಲ ತಳದಲ್ಲಿದೆ. 1995ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯದ ನ್ಯಾಯಾಧೀಶ ಡೀಟರ್ ಗ್ರಿಮ್ ಒಂದು ಪ್ರಬಂಧ ಬರೆದು, ಒಂದು ಭಾಷೆಯಿಲ್ಲದ ಕಾರಣ ಯುರೋಪಿಗೆ ಒಂದು ಪತ್ರಿಕಾಲೋಕವಿಲ್ಲ, ಒಂದು ಪತ್ರಿಕಾಲೋಕವಿಲ್ಲದ ಕಡೆ ಒಂದು ಜನತೆ ಇಲ್ಲ, ಜನತೆ ಇಲ್ಲದ ಕಡೆ ಪೂರ್ಣ ಪ್ರಜಾಪ್ರಭುತ್ವ ಸಾಧ್ಯವಿಲ್ಲ ಎಂದು ವಾದಿಸಿದರು. ತತ್ವಜ್ಞಾನಿ ಯುರ್ಗೆನ್ ಹಾಬರ್ಮಾಸ್ ಅದೇ ವರ್ಷ ಉತ್ತರಿಸಿ, ಜನತೆಯೆಂಬುದು ಮೊದಲೇ ಸಿದ್ಧವಾಗಿ ಕುಳಿತಿರುವುದಿಲ್ಲ, ಸಾರ್ವಜನಿಕ ಚರ್ಚೆಯಲ್ಲೇ ಅದು ರೂಪುಗೊಳ್ಳುತ್ತದೆ ಎಂದರು. ಇಬ್ಬರೂ ಭಾರತವನ್ನು ತಕ್ಕಷ್ಟು ನೋಡಲಿಲ್ಲವೆಂದು ನನಗನಿಸುತ್ತದೆ. ಎಂಟನೆಯ ಪರಿಚ್ಛೇದದಲ್ಲಿ 22 ಭಾಷೆಗಳಿರುವ ಈ ದೇಶದಲ್ಲಿ ಎಲ್ಲರೂ ಓದುವ ಒಂದು ಪತ್ರಿಕೆ ಎಂದೂ ಇರಲಿಲ್ಲ. ಚುನಾವಣೆಗಳು ನಡೆದೇ ಇವೆ. ಒಂದೇ ಭಾಷೆ ಬೇಕೆಂಬ ವಾದ ಕೊನೆಗೆ ಯಾರ ಮನೆಬಾಗಿಲಿಗೆ ಬಂದು ನಿಲ್ಲುತ್ತದೆಂದು ಅಲ್ಪಸಂಖ್ಯಾತ ಭಾಷಿಕರಿಗೆ ಅನುಭವದಿಂದ ಗೊತ್ತು. ಯುರೋಪಿನಲ್ಲಿ ಎಲ್ಲರೂ ಓದುವ ಪತ್ರಿಕೆ ಮಾಡಹೊರಟವರಿದ್ದರು. ರಾಬರ್ಟ್ ಮ್ಯಾಕ್ಸ್‌ವೆಲ್ ಎಂಬ ಪತ್ರಿಕೋದ್ಯಮಿ 1990ರಲ್ಲಿ 'ದಿ ಯುರೋಪಿಯನ್' ಎಂಬ ವಾರಪತ್ರಿಕೆಯನ್ನು ಇಂಗ್ಲಿಷಿನಲ್ಲಿ ತೆಗೆದರು. 1998ರ ಕೊನೆಗೆ ಅದು ನಿಂತಿತು. ಇತ್ತ ಸಂಸತ್ತಿನಲ್ಲಿ 24 ಭಾಷೆಗಳಿಂದ 24 ಭಾಷೆಗಳಿಗೆ, ಅಂದರೆ 552 ಜೋಡಿಗಳಲ್ಲಿ, ದುಭಾಷಿಗಳ ಕೆಲಸ ನಡೆದಿದೆ.

ದೊಡ್ಡ ಪತ್ರಿಕೆಗಳಿಗಿಂತ ನನ್ನನ್ನು ಹೆಚ್ಚು ಸೆಳೆದದ್ದು 'ಗ್ರೆನ್ಸ್-ಎಕೋ'. 'ಗಡಿಯ ಪ್ರತಿಧ್ವನಿ' ಎಂದು ಅರ್ಥ. ಬೆಲ್ಜಿಯಂನ ಪೂರ್ವದ ಅಂಚಿನಲ್ಲಿ, ಓಯ್ಪೆನ್ ಎಂಬ ಪುಟ್ಟ ಪಟ್ಟಣದಲ್ಲಿ, ಜರ್ಮನ್ ಭಾಷೆಯಲ್ಲಿ 1927ರಿಂದ ಪ್ರಕಟವಾಗುತ್ತ ಬಂದ ಪತ್ರಿಕೆ. ಆ ಪ್ರದೇಶ ಜರ್ಮನಿಯದಾಗಿತ್ತು. ವೆರ್ಸಾಯ್ ಒಪ್ಪಂದದ ಮೇರೆಗೆ ಬೆಲ್ಜಿಯಂಗೆ ಹೋಯಿತು. ಜನಾಭಿಪ್ರಾಯ ಕೇಳಿದರೇ? ಕೇಳಿದರು. 1920ರಲ್ಲಿ ಒಂದು ಪುಸ್ತಕ ತೆರೆದಿಟ್ಟು, ಒಪ್ಪಿಗೆಯಿಲ್ಲದವರು ಬಂದು ಹೆಸರು ಬರೆಯಬಹುದೆಂದರು. ಗುಪ್ತಮತವಲ್ಲ, ಅಧಿಕಾರಿಯ ಎದುರು ನಿಂತು ಬರೆಯಬೇಕು. 33,726 ಮತದಾರರಲ್ಲಿ ಬರೆದವರು 271. ಜನಾಂಗ ಸಂಘ, ಆ ಕಾಲದ ದೊಡ್ಡ ಸಭೆ, ಇದನ್ನು ಒಪ್ಪಿ ಮುದ್ರೆ ಒತ್ತಿತು. 1940ರಲ್ಲಿ ಹಿಟ್ಲರನ ಸೈನ್ಯ ಬಂತು, ಪತ್ರಿಕೆ ನಿಂತಿತು. ಯುದ್ಧ ಮುಗಿದಾಗ ಪ್ರದೇಶ ಮತ್ತೆ ಬೆಲ್ಜಿಯಂಗೆ, ಪತ್ರಿಕೆ ಮತ್ತೆ ಓದುಗರಿಗೆ.

ಅಲ್ಲಿನ ಜರ್ಮನ್ ಭಾಷಿಕರ ಸಮುದಾಯ ಎಂಬತ್ತು ಸಾವಿರದಷ್ಟು, ಒಂಬತ್ತು ಪುರಸಭೆಗಳು. ನಮ್ಮ ಒಂದು ವಿಧಾನಸಭಾ ಕ್ಷೇತ್ರಕ್ಕೂ ಸಾಲದು. ಇಷ್ಟು ಮಂದಿಗೆ ಸ್ವಂತ ಸಂಸತ್ತಿದೆ, 1994ರಿಂದ ಯುರೋಪಿನ ಸಂಸತ್ತಿನಲ್ಲಿ ಒಂದು ಸ್ಥಾನವಿದೆ. 2016ರ ಅಕ್ಟೋಬರಿನಲ್ಲಿ ಕೆನಡಾದೊಂದಿಗಿನ ವ್ಯಾಪಾರ ಒಪ್ಪಂದಕ್ಕೆ ಬೆಲ್ಜಿಯಂನ ವಲ್ಲೋನಿಯಾ ಪ್ರಾಂತ ಅಡ್ಡ ನಿಂತು ಇಡೀ ಒಕ್ಕೂಟವನ್ನು ಕಾಯಿಸಿದಾಗ, ಒಪ್ಪಿಗೆ ಕೊಡಬೇಕಾದ ಪ್ರಾಂತಗಳ ಪಟ್ಟಿಯಲ್ಲಿ ಈ ಪುಟ್ಟ ಸಮುದಾಯವೂ ಇತ್ತು. ಬ್ರಸೆಲ್ಸಿನಲ್ಲಿ ಏನು ನಡೆಯಿತೆಂಬುದನ್ನು ಅವರಿಗೆ ಅವರ ಭಾಷೆಯಲ್ಲಿ, ಅವರ ಊರಿಗೆ ಅದರಿಂದೇನು ಎಂಬುದರ ಸಹಿತ ಬರೆಯುವ ದೈನಿಕ ಇದ್ದುದರಿಂದ ಆ ಒಪ್ಪಿಗೆಗೆ ಒಂದು ಅರ್ಥ ಬಂತು. ಜರ್ಮನಿಯಿಂದ ಬರುವ ಪತ್ರಿಕೆಗಳಿಗೆ ಭಾಷೆ ಅದೇ, ಆದರೆ ಬೆಲ್ಜಿಯಂನ ರಾಜಕಾರಣ ಅವುಗಳಿಗೆ ಹೊರಗಿನದು. ಬ್ರಸೆಲ್ಸಿನ ಪತ್ರಿಕೆಗಳಿಗೆ ರಾಜಕಾರಣ ಅದೇ, ಭಾಷೆ ಬೇರೆ. ಬೆಂಗಳೂರಿನ ಪತ್ರಿಕೆಗೂ ತಿರುವನಂತಪುರದ ಪತ್ರಿಕೆಗೂ ನಡುವೆ ಕುಳಿತವರಿಗೆ ಇದರ ವಿವರಣೆ ಬೇಡ.

ಜರ್ಮನಿಯ ಫ್ಲೆನ್ಸ್‌ಬರ್ಗಿನಲ್ಲಿ ಡೇನ್ ಭಾಷಿಕರ ಪತ್ರಿಕೆ, ಇಟಲಿಯ ದಕ್ಷಿಣ ಟಿರೋಲಿನಲ್ಲಿ ಜರ್ಮನ್ ಪತ್ರಿಕೆ, ಹೆಲ್ಸಿಂಕಿಯಲ್ಲಿ ಸ್ವೀಡಿಷ್ ಪತ್ರಿಕೆ ಹೀಗೆಯೇ ಬಾಳಿವೆ. 2001ರಲ್ಲಿ ಇಂಥ ದೈನಿಕಗಳು ಸೇರಿ ಒಂದು ಸಂಘ ಕಟ್ಟಿಕೊಂಡವು. ಅಲ್ಪಸಂಖ್ಯಾತ ಭಾಷೆಗಳ ರಕ್ಷಣೆಗೆ ಒಕ್ಕೂಟವೇ ಕಾನೂನು ಮಾಡಬೇಕೆಂದು ಹನ್ನೊಂದು ಲಕ್ಷಕ್ಕೂ ಮಿಕ್ಕಿ ಜನ ಸಹಿ ಹಾಕಿದ ಮನವಿಯೊಂದು ಬ್ರಸೆಲ್ಸಿಗೆ ಹೋಯಿತು. 2020ರ ಡಿಸೆಂಬರಿನಲ್ಲಿ ಸಂಸತ್ತು ಅದನ್ನು ಭಾರೀ ಬಹುಮತದಿಂದ ಬೆಂಬಲಿಸಿತು. 2021ರ ಜನವರಿಯಲ್ಲಿ ಆಯೋಗ, ಹೊಸ ಕಾನೂನು ಬೇಡ, ಇರುವುದೇ ಸಾಕು ಎಂದು ಉತ್ತರ ಬರೆಯಿತು.

ಈ ದೂರದ ಸಭೆಗಳಿಗೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಎಣ್ಮಕಜೆಯನ್ನು ನೆನಪಿಸಬೇಕು. ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸತೊಡಗಿದ್ದು 1970ರ ದಶಕದ ಕೊನೆಯಲ್ಲಿ. ಕಾಲು ತಿರುಚಿದ ಕರುಗಳು ಹುಟ್ಟುತ್ತಿವೆಯೆಂದು ಶ್ರೀ ಪಡ್ರೆಯವರು ಆ ಕಾಲದಲ್ಲೇ ಬರೆದರು. 2000ದವರೆಗೆ ಸಿಂಪಡಣೆ ನಿಲ್ಲಲಿಲ್ಲ. ಯುರೋಪಿನ ಸಮುದಾಯ 2005ರ ಡಿಸೆಂಬರಿನಲ್ಲಿ ತನ್ನ ದೇಶಗಳ ಹೊಲಗಳಿಂದ ಎಂಡೋಸಲ್ಫಾನನ್ನು ಹೊರಗಿಟ್ಟಿತು. 2007ರಲ್ಲಿ, ಅದನ್ನು ಜಗತ್ತಿನಾದ್ಯಂತ ನಿವಾರಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಬೇಕೆಂದು ಸ್ಟಾಕ್‌ಹೋಮ್ ಒಡಂಬಡಿಕೆಯ ಮುಂದೆ ಪ್ರಸ್ತಾಪವಿಟ್ಟದ್ದೂ ಇದೇ ಸಮುದಾಯ. ಸ್ವರ್ಗ, ವಾಣೀನಗರಗಳ ತಾಯಂದಿರ ಸಂಕಟಕ್ಕೆ ಸಂಬಂಧಪಟ್ಟ ಆ ಕಾಗದ ಬ್ರಸೆಲ್ಸಿನಲ್ಲಿ ತಯಾರಾಯಿತೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನಪಿಟ್ಟಿದ್ದೇವೆ?

ನಮಗೆ ಚೆನ್ನಾಗಿ ನೆನಪಿರುವುದು 2011ರ ಏಪ್ರಿಲ್. 25ರಂದು ಜಿನೀವಾದಲ್ಲಿ ಸಭೆ ಶುರುವಾಯಿತು. ಅದೇ ದಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕುಳಿತರು. ಅಂದು ಮಲಯಾಳ ಪತ್ರಿಕೆಯನ್ನೂ ಕನ್ನಡ ಪತ್ರಿಕೆಯನ್ನೂ ಓದುವ ಮನೆಗಳಲ್ಲಿ ಜಿನೀವಾ ಪಕ್ಕದ ಊರಿನಂತಾಗಿತ್ತು. ಮೊದಲು ವಿರೋಧಿಸುತ್ತ ಬಂದಿದ್ದ ನಮ್ಮ ದೇಶದ ಪ್ರತಿನಿಧಿಗಳು ಕೊನೆಗೆ ಕೆಲವು ವಿನಾಯಿತಿಗಳ ಮೇಲೆ ಒಪ್ಪಿದರು. 29ರಂದು ನಿರ್ಣಯವಾಯಿತು, ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ತಡೆ ಹಾಕಿತು. ಜಿನೀವಾದ ನಿರ್ಣಯಕ್ಕೆ ಒಂದು ಅನುಬಂಧವಿದೆ. ಇನ್ನೂ ಕೆಲವು ವರ್ಷ ಎಂಡೋಸಲ್ಫಾನ್ ಬಳಸಲು ವಿನಾಯಿತಿ ಪಡೆದ ಬೆಳೆಗಳ ಪಟ್ಟಿ ಅದು. ಹತ್ತಿ, ಸೆಣಬು, ಕಾಫಿ, ಚಹಾ, ಭತ್ತ, ಗೋಧಿ, ಮಾವು, ಬದನೆ, ಬೆಂಡೆ, ಟೊಮೆಟೊ, ಹೊಗೆಸೊಪ್ಪು ಎಂದು ಸಾಗುತ್ತದೆ. ಗೇರಿನ ಹೆಸರು ಆ ಪಟ್ಟಿಯಲ್ಲಿಲ್ಲ.